ಹೆಬ್ಬೆಟ್ಟು ಬಿಟ್ಟು ಉಳಿದ ನಾಲ್ಕು ಬೆರಳು

2025ರ ಡಿಸೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಜರ್ಮನಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಡಿಕೆ ಕೊಯ್ಲಿನ ನಡುವೆ ಬರುವುದಿಲ್ಲ ಅಂತ ಅಮ್ಮ ಒಂದೇ ಹಠ, ಹೊರಡುವ ಹಿಂದಿನ ರಾತ್ರಿವರೆಗೂ ಮೆಟ್ಟುಕತ್ತಿ ಮುಂದೆ ಕೂತಿದ್ದಳು. ಅಡಿಕೆ ಸುಲಿದು ಸುಲಿದು ಆ ಬೆರಳುಗಳ ಮೇಲೆ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯಲ್ಲೂ ಮೂರು ಸಲ ಒರೆಸಿ ಒತ್ತಬೇಕು.

ವಿಮಾನ ಇಳಿದ ಮೇಲೆ ಅದೇ ಕಥೆ. ಗಾಜಿನ ಮೇಲೆ ಬಲಗೈಯ ನಾಲ್ಕು ಬೆರಳು ಇಡಬೇಕು. ಇಟ್ಟಳು, ಕೆಂಪು ದೀಪ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು, ಮತ್ತೆ ಕೆಂಪು. 'ಹೆಬ್ಬೆಟ್ಟು ಆಗಬಾರದು ಅಂತ ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಮಾರಾಯ, ಇವರಿಗೆ ನೋಡು, ಹೆಬ್ಬೆಟ್ಟೊಂದು ಬಿಟ್ಟು ಉಳಿದಿದ್ದೆಲ್ಲಾ ಬೇಕಂತೆ' ಅಂದಳು. ಹಿಂದಿದ್ದವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ನಾಲ್ಕನೇ ಸಲಕ್ಕೆ ಆಯಿತು, ಆಮೇಲೆ ಮುಖದ ಫೋಟೋ.

ಇದು ಯುರೋಪಿನ ಹೊಸ ಎಂಟ್ರಿ ಎಕ್ಸಿಟ್ ಸಿಸ್ಟಂ, ಚಿಕ್ಕದಾಗಿ ಇಇಎಸ್. 2025ರ ಅಕ್ಟೋಬರ್ 12ಕ್ಕೆ ಶುರುವಾಯಿತು, 2026ರ ಏಪ್ರಿಲ್ 10ರ ಹೊತ್ತಿಗೆ 29 ದೇಶಗಳಲ್ಲಿ ಪೂರ್ತಿ ಜಾರಿಯಾಗಬೇಕು ಅಂತ ಗಡುವು ಇಟ್ಟಿದ್ದರು. ಹೊರಗಿನಿಂದ ಸ್ವಲ್ಪ ದಿನಕ್ಕೆ ಬಂದು ಹೋಗುವವರು ಯಾವಾಗ ಬಂದರು, ಯಾವಾಗ ಹೋದರು ಅಂತ ಕಂಪ್ಯೂಟರಿನಲ್ಲಿ ಬರೆದಿಡುವುದು ಇದರ ಕೆಲಸ. 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ, ಆ ಲೆಕ್ಕವನ್ನು ಇಷ್ಟು ವರ್ಷ ಪಾಸ್‌ಪೋರ್ಟಿನ ಸೀಲು ನೋಡಿ ಬೆರಳು ಮಡಚಿ ಹಾಕುತ್ತಿದ್ದರು. ಹಾಗಾಗಿ ಯೋಚನೆಯೇ ದಡ್ಡತನದ್ದು ಅಂತ ನಾನು ಹೇಳುವುದಿಲ್ಲ. ವೀಸಾ ಬೇಕಿಲ್ಲದ ಅಮೆರಿಕದವರು, ಬ್ರಿಟನ್ನಿನವರೂ ಬೆರಳು ಕೊಡಬೇಕು. ನಮ್ಮಂಥವರು ವೀಸಾ ಮಾಡಿಸುವಾಗಲೇ ಹತ್ತೂ ಬೆರಳು ಕೊಟ್ಟಿರುತ್ತೇವೆ, 90 ಯೂರೋ ಫೀಸಿನ ಜೊತೆಗೆ. ನಮ್ಮದು ಅದಕ್ಕೆ ತಾಳೆ ಆದರೆ ಸಾಕು. ತಾಳೆ ಆಗಬೇಕಲ್ಲ!

ನನ್ನ ತಕರಾರು ದುಡ್ಡಿನದು. ಎಷ್ಟು ಅನ್ನುವುದಕ್ಕಿಂತ, ಯಾರ ಜೇಬಿನಿಂದ ಅಂತ.

2013ರಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಮೊದಲ ಸಲ ಈ ಪ್ರಸ್ತಾಪ ಇಟ್ಟಾಗ ಹೇಳಿದ್ದು ಸುಮಾರು 110 ಕೋಟಿ ಯೂರೋ. ಯೂರೋಗೆ ನೂರು ರೂಪಾಯಿ ಅಂತ ಸುಮ್ನೆ ಹಿಡಿದರೂ 11,000 ಕೋಟಿ ರೂಪಾಯಿ! ಬೇಡ ಅಂತ ಎಲ್ಲರೂ ಮುಖ ಸಿಂಡರಿಸಿದರು. 2016ರಲ್ಲಿ ಹೊಸ ಅಂದಾಜು ತಂದರು, 48 ಕೋಟಿ. ಪದೇ ಪದೇ ಬರುವವರಿಗೆ ಅಂತ ಇದ್ದ ಬೇರೆ ಯೋಜನೆ ಕೈಬಿಟ್ಟರು, ಹತ್ತು ಬೆರಳಿನ ಬದಲು ನಾಲ್ಕು ಬೆರಳು, ಒಂದು ಮುಖ ಅಂದರು. 2017ರಲ್ಲಿ ಕಾನೂನೂ ಆಯಿತು. ಕಾಂಟ್ರಾಕ್ಟುಗಳು ಹೋದವು: ಕಟ್ಟುವ ಕೆಲಸ ಐಬಿಎಂ, ಅಟೋಸ್, ಲಿಯೊನಾರ್ಡೊ ಮೂವರಿಗೆ, ಬೆರಳು-ಮುಖ ಹುಡುಕುವ ಕೆಲಸ ಐಡೆಮಿಯಾ ಮತ್ತು ಸೋಪ್ರಾ ಸ್ಟೀರಿಯಾಗೆ. 2022ಕ್ಕೆ ಶುರು ಅಂದಿದ್ದು 2023ಕ್ಕೆ ಹೋಯಿತು, ಆಮೇಲೆ 2024ರ ನವೆಂಬರ್ ಅಂದರು, ಆಗ ಜರ್ಮನಿ, ಫ್ರಾನ್ಸ್, ನೆದರ್‌ಲೆಂಡ್ಸ್ ನಾವಿನ್ನೂ ತಯಾರಿಲ್ಲ ಅಂತ ಕೈ ಎತ್ತಿದವು.

ಆದರೆ ಈ 48 ಕೋಟಿಯಲ್ಲಿ ಸಿಗದ ಖರ್ಚೇ ಬೇರೆ ಇದೆ. ಫ್ರಾನ್ಸಿನ ಕಡೆಗೆ ಟ್ರೈನ್ ಹೊರಡುವ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ ನೋಡಿ. ಅಲ್ಲಿ, ಡೋವರ್ ಬಂದರಿನಲ್ಲಿ, ಸಮುದ್ರದಡಿಯಲ್ಲಿ ಫ್ರಾನ್ಸಿಗೆ ಹೋಗುವ ಚಾನೆಲ್ ಸುರಂಗದ ಬಾಯಲ್ಲಿ ಫ್ರಾನ್ಸಿನ ಪೊಲೀಸರು ಬ್ರಿಟನ್ ನೆಲದ ಮೇಲೇ ಕೂತು ಪಾಸ್‌ಪೋರ್ಟ್ ನೋಡುತ್ತಾರೆ. ಹಾಗಾಗಿ ಮೆಷಿನ್ನೂ ಅಲ್ಲೇ ಇಡಬೇಕು. ಸೇಂಟ್ ಪ್ಯಾಂಕ್ರಸ್‌ಗೆ 49 ಮೆಷಿನ್ ಬಂದವು, ಇಡಲು ಜಾಗ ಹುಡುಕಿದ್ದೇ ಒಂದು ಸಾಹಸ. ಡೋವರ್‌ನಲ್ಲಂತೂ ಕಾರಿನ ತುಂಬ ಮಕ್ಕಳುಮರಿ ಹಾಕಿಕೊಂಡು ಬರುವ ಸಂಸಾರಗಳು. ಬ್ರಿಟನ್ ಸರ್ಕಾರ ಈ ಮೂರೂ ಕಡೆಗೆ ತಲಾ 35 ಲಕ್ಷ ಪೌಂಡ್ ಕೊಟ್ಟಿತು. ಒಕ್ಕೂಟ ಬಿಟ್ಟು ಬಂದವರು ಆ ಒಕ್ಕೂಟದ ಬೇಲಿಗೇ ದುಡ್ಡು ಹಾಕಿದ ಹಾಗಾಯಿತು, ಅಲ್ವಾ?

ಇನ್ನು ಕ್ಯೂ. ಒಂದು ವಿಮಾನದಲ್ಲಿ 300 ಜನ, ಐದು ಕೌಂಟರು, ತಲೆಗೆ ಒಂದೇ ಒಂದು ನಿಮಿಷ ಜಾಸ್ತಿ ಹಿಡಿಯಿತು ಅನ್ನಿ. ಕೊನೆಯವನು ಒಂದು ಗಂಟೆ ಜಾಸ್ತಿ ನಿಲ್ಲಬೇಕು. ಅಷ್ಟರಲ್ಲಿ ಮುಂದಿನ ವಿಮಾನ ಇಳಿದಿರುತ್ತದೆ. ಲಿಸ್ಬನ್ ಏರ್‌ಪೋರ್ಟಿನಲ್ಲಿ ಕ್ಯೂ ಎಷ್ಟು ಬೆಳೆಯಿತೆಂದರೆ ವರ್ಷದ ಕೊನೆಗೆ ಈ ವ್ಯವಸ್ಥೆಯನ್ನೇ ಮೂರು ತಿಂಗಳು ನಿಲ್ಲಿಸಬೇಕಾಯಿತು. ತಪ್ಪಿಹೋದ ಕನೆಕ್ಟಿಂಗ್ ಫ್ಲೈಟಿನ ದುಡ್ಡು ಯಾವ ಅಂದಾಜು ಪಟ್ಟಿಯಲ್ಲೂ ಬರುವುದಿಲ್ಲ, ಅದು ಟಿಕೆಟ್ ತಗೊಂಡವರ ಕರ್ಮ. ನಮಗೆ ಅವತ್ತು ಅಕ್ಕನ ಊರಿನ ಟ್ರೈನ್ ತಪ್ಪಿತು. ಹೊಸ ಟಿಕೆಟ್ ತಗೊಂಡೆವು. ಅಮ್ಮನಿಗೆ ಬೆಲೆ ಹೇಳಲಿಲ್ಲ, ಹೇಳಿದ್ದರೆ ಅಲ್ಲಿಂದಲೇ ವಾಪಸ್ ಹೊರಡುತ್ತಿದ್ದಳು.

ತಮಾಷೆ ಏನು ಗೊತ್ತಾ? ಅದು ಇನ್ನೂ ಜಾರಿಯಾಗುತ್ತಿದ್ದ ಸಮಯ, ಹಾಗಾಗಿ ಬೆರಳು, ಮುಖ ಎಲ್ಲಾ ತಗೊಂಡ ಮೇಲೂ ಕೌಂಟರಿನವನು ಪಾಸ್‌ಪೋರ್ಟ್ ತೆರೆದು ಠಪ್ ಅಂತ ಸೀಲು ಹಾಕಿದ. ಎರಡು ಸೆಕೆಂಡ್ ಹಿಡಿದಿರಬಹುದು. ಊರಿಗೆ ಬಂದ ಮೇಲೆ ಅಮ್ಮ ಪಕ್ಕದ ಮನೆಯವರಿಗೆ ತೋರಿಸುತ್ತಿರುವುದು ಅದನ್ನೇ. ಮೂಲೆಯಲ್ಲಿ ಪುಟ್ಟ ವಿಮಾನದ ಚಿತ್ರ ಇದೆ ನೋಡು ಅಂತ, ಚೊಗರು ಹತ್ತಿದ ಅದೇ ಬೆರಳು ಇಟ್ಟು.