ಮನೆ ಕುಸಿದ ಮೇಲೂ ಬರುವ ಕಂತು

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಕುಸಿದಾಗ ನಾನು ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಗೃಹಸಾಲದ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ನಂತರ ಬಂದ ಸಾಲಗಾರರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: “ಮನೆಯೇ ಹೋಯಿತಲ್ಲ ಸರ್, ಇನ್ನೂ ಕಂತು ಕಟ್ಟಬೇಕೇ?” ಎದುರು ಕುಳಿತವರಿಗೆ ಹೌದು ಎನ್ನಲು ಬಾಯಿ ಬರುತ್ತಿರಲಿಲ್ಲ. ಆದರೆ ಮನೆ ಎಂಬುದು ಸಾಲಕ್ಕೆ ಭದ್ರತೆ ಮಾತ್ರ, ಸಾಲದ ಹೊಣೆ ಅದನ್ನು ಪಡೆದವರದು. ಅಡಮಾನದ ಮನೆ ಮಣ್ಣುಪಾಲಾದರೂ ಖಾತೆ ಮುಚ್ಚುವುದಿಲ್ಲ. ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಕಟ್ಟಿದಂಥ ಸರ್ಕಾರದ ಪುನರ್ವಸತಿ ಮನೆ ಸಿಕ್ಕಿತೆಂಬ ಕಾರಣಕ್ಕೂ ಹಳೆಯ ಸಾಲ ತೀರಿದಂತಾಗುವುದಿಲ್ಲ.

ಕಂತಿಗೆ ಬಿಡುವು ಕೇಳುವ ದಾರಿ ಇದೆ. ವಿಕೋಪಪೀಡಿತ ಪ್ರದೇಶಗಳ ಸಾಲಗಳನ್ನು ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯೇ ಇದೆ. ಆದರೆ ಮೊದಲ ಕಂತು ತಪ್ಪುವ ಮುನ್ನವೇ, ಮನೆಯ ಫೋಟೊ ಮತ್ತು ಕಂದಾಯ ಇಲಾಖೆಯ ಮಹಜರಿನ ಪ್ರತಿಯೊಡನೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಕ್ಷೇಮ. ಬಾಕಿ 90 ದಿನ ಮೀರಿ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆದ ಮೇಲೆ ನಮ್ಮಂಥವರ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಬಿಡುವು ಬಡ್ಡಿಯ ಮನ್ನಾ ಅಲ್ಲ ಎಂಬುದನ್ನೂ ಲೆಕ್ಕ ಬರೆದು ತೋರಿಸುತ್ತಿದ್ದೆ: ಶೇ. 9ರ ಬಡ್ಡಿಯಲ್ಲಿ 20 ಲಕ್ಷ ಬಾಕಿ ಇದ್ದವರು ಆರು ತಿಂಗಳು ಏನನ್ನೂ ಕಟ್ಟದಿದ್ದರೆ ಸುಮಾರು 91,700 ರೂಪಾಯಿ ಅಸಲಿಗೆ ಸೇರುತ್ತದೆ. ಸಾಧ್ಯವಿದ್ದವರು ಬಡ್ಡಿಯನ್ನಾದರೂ ಕಟ್ಟುತ್ತಿರುವುದು ಮೇಲು.

ಹೆಚ್ಚು ಗೊಂದಲ ಕಂಡದ್ದು ವಿಮೆಯಲ್ಲಿ. ಸಾಲ ಮಂಜೂರಾಗುವಾಗ ಕಡಿತವಾದ ಪ್ರೀಮಿಯಂ ಮನೆಯದೆಂದೇ ಅನೇಕರು ನಂಬಿದ್ದರು. ಪಾಲಿಸಿ ತೆಗೆದು ನೋಡಿದರೆ ಅದು ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆಯಾಗಿರುತ್ತಿತ್ತು. ಎರಡರ ವ್ಯತ್ಯಾಸವನ್ನು ಸಹಿ ಹಾಕಿಸುವ ದಿನವೇ ವಿವರಿಸುವುದು ಬ್ಯಾಂಕಿನ ಕೆಲಸ, ಆ ಗಡಿಬಿಡಿಯಲ್ಲಿ ಯಾರೂ ವಿವರಿಸುವುದಿಲ್ಲ ಎಂಬುದು ಬೇರೆ ಮಾತು. ಪ್ರವಾಹ, ಭೂಕುಸಿತಗಳಿಂದಾದ ಹಾನಿಗೆ ಕಟ್ಟಡದ ವಿಮೆ ಬೇಕು. 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಬಂದಿದೆ. ಇದರಲ್ಲಿ ಕಟ್ಟಡಕ್ಕೆ ಸಿಗುವುದು ಪುನರ್ನಿರ್ಮಾಣದ ವೆಚ್ಚವೇ ಹೊರತು ನಿವೇಶನದ ಬೆಲೆಯಲ್ಲ.

ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇದ್ದರೆ ಪರಿಹಾರದ ಹಣ ಸಾಮಾನ್ಯವಾಗಿ ಮೊದಲು ಬ್ಯಾಂಕಿಗೇ ಬರುತ್ತದೆ. ಅದನ್ನು ಸಾಲಕ್ಕೆ ಜಮಾ ಮಾಡಿಕೊಳ್ಳುವ ಬದಲು ಮನೆ ಕಟ್ಟಲು ಹಂತಹಂತವಾಗಿ ಬಿಡುಗಡೆ ಮಾಡಬೇಕೆಂದು ಬಯಸುವವರು, ಎಂಜಿನಿಯರ್ ಕೊಟ್ಟ ಅಂದಾಜು ಪಟ್ಟಿಯನ್ನು ಲಗತ್ತಿಸಿ, ವಿಮೆಯ ಹಾನಿಯನ್ನು ಅಂದಾಜಿಸುವ ಸರ್ವೇಯರ್ ವರದಿ ಸಲ್ಲಿಕೆಯಾಗುವ ಹೊತ್ತಿಗೇ ಶಾಖೆಗೆ ಬರೆದುಕೊಡಬೇಕು.