ಅಮ್ಮಂಗೂ ನಂಗೂ ಒಂದೇ ಲಸಿಕೆ

2021ರ ಏಪ್ರಿಲ್-ಮೇ ಹೊತ್ತಿಗೆ ಜರ್ಮನಿಯಲ್ಲಿ ಆಸ್ಟ್ರಾಜೆನೆಕಾ ಕೊರೊನಾ ಲಸಿಕೆ ಅಂದ್ರೆ ಜನ ಬೇಡಪ್ಪ ಬೇಡ ಅಂತಿದ್ರು, ಅದೇ ಲಸಿಕೆ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಲ್ಲಿ ತಯಾರಾಗಿ ಕೋವಿಶೀಲ್ಡ್ ಅಂತ ಬಂದಾಗ ನಮ್ಮ ಹಾಸನದ ಕಡೆ ಜನ ಬೆಳಗ್ಗೆ ಬೆಳಗ್ಗೆ ಎದ್ದು ಆಸ್ಪತ್ರೆ ಮುಂದೆ ಕ್ಯೂ ನಿಂತು ಸ್ಟಾಕ್ ಇಲ್ಲ ಅನ್ನಿಸ್ಕೊಂಡು ವಾಪಸ್ ಹೋಗ್ತಿದ್ರು. ನಾನಿದ್ದಿದ್ದು ಜರ್ಮನಿಯ ಸ್ಟುಟ್‌ಗಾರ್ಟಲ್ಲಿ. ಎರಡೂ ಕಡೆ ಸುದ್ದಿ ಒಟ್ಟಿಗೆ ಓದೋದು ತುಂಬಾ ಕಷ್ಟ ಆಗ್ತಿತ್ತು.

ಜರ್ಮನಿಯವ್ರಿಗೆ ಭಯ ಬಂದಿದ್ದು ಸುಮ್‌ಸುಮ್ನೆ ಅಲ್ಲ. ಜನವರಿಯಲ್ಲಿ ಅಲ್ಲಿನ ತಜ್ಞರ ಸಮಿತಿ, ವಯಸ್ಸಾದವ್ರ ಮೇಲೆ ಸಾಕಷ್ಟು ಡೇಟಾ ಇಲ್ಲ ಅಂತ 65ರ ಒಳಗಿನವ್ರಿಗೆ ಮಾತ್ರ ಕೊಡಿ ಅಂತು. ಮಾರ್ಚ್ 15ಕ್ಕೆ, ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಕೆಲವು ಕೇಸ್ ಬಂದ್ವು ಅಂತ ಪೂರ್ತಿ ನಿಲ್ಸಿದ್ರು, ಕೆಲವೇ ದಿನದಲ್ಲಿ ಮತ್ತೆ ಶುರು ಮಾಡಿದ್ರು, ಮಾರ್ಚ್ 30ಕ್ಕೆ ಉಲ್ಟಾ, 60 ದಾಟಿದವ್ರಿಗೆ ಮಾತ್ರ ಅಂತ ಆಯ್ತು. ಒಂದೊಂದು ನಿರ್ಧಾರಕ್ಕೂ ಕಾರಣ ಇತ್ತು, ಆ ತೊಂದರೆ ಅಪರೂಪ ಆದ್ರೂ ನಿಜ, ಹೆಚ್ಚಾಗಿ ಚಿಕ್ಕ ವಯಸ್ಸಿನವ್ರಲ್ಲೇ ಕಂಡಿತ್ತು. ಆದ್ರೆ ಮನೇಲಿ ಕೂತು ಟಿವಿ ನೋಡೋರಿಗೆ ಉಳಿದಿದ್ದು ಭಯ ಮಾತ್ರ. ಆ ಲಸಿಕೆಯಿಂದ ಲಾಭ ಇದ್ದ 70 ವರ್ಷದವ್ರೂ ನಂಗೆ ಬಯೋನ್ಟೆಕ್ಕೇ (ಫೈಜರ್ ಲಸಿಕೆ) ಬೇಕು ಅಂತ ಕಾಯ್ತಾ ಕೂತಿದ್ರು, ನಂಗೆ ಅದೇ ಬೇಜಾರು.

ಮೇ 6ಕ್ಕೆ ಆಸ್ಟ್ರಾಗೆ ಯಾರಿಗೆ ಮೊದಲು ಅನ್ನೋ ಸರದಿ ತೆಗೆದುಹಾಕಿದ್ರು, ಡಾಕ್ಟರ್ ಜೊತೆ ಮಾತಾಡಿ ಒಪ್ಪಿದ್ರೆ 18 ದಾಟಿದ ಯಾರು ಬೇಕಾದ್ರೂ ತಗೋಬಹುದಿತ್ತು. ನಾನು ನಮ್ಮ ಫ್ಯಾಮಿಲಿ ಡಾಕ್ಟರಿಗೆ ಫೋನ್ ಮಾಡ್ದೆ, ಬನ್ನಿ ಅಂದ್ರು. ಇಂಜೆಕ್ಷನ್‌ಗಿಂತ ಮಾತೇ ಜಾಸ್ತಿ. ನಿಮ್ಮ ವಯಸ್ಸಿಗೆ ಈ ಅಪಾಯ ಇದೆ, ನಾಲ್ಕು ದಿನ ಆದ್ಮೇಲೆ ಎರಡು ವಾರದ ತನಕ ಜೋರು ತಲೆನೋವು ಬಂದ್ರೆ, ಉಸಿರು ಕಟ್ಟಿದ್ರೆ, ಕಾಲು ಊದಿಕೊಂಡ್ರೆ, ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ ಕಂಡ್ರೆ ತಕ್ಷಣ ಆಸ್ಪತ್ರೆಗೆ ಹೋಗ್ಬೇಕು ಅಂತ ನಿಧಾನವಾಗಿ, ನನ್ನ ಅರ್ಧಂಬರ್ಧ ಜರ್ಮನ್‌ಗೆ ತಾಳ್ಮೆಯಿಂದ ಕಾದು ಹೇಳಿದ್ರು. ಆಮೇಲೆ ಸಹಿ. ಲಸಿಕೆ ದಾಖಲೆಯ ಹಳದಿ ಪುಸ್ತಕದಲ್ಲಿ ಬ್ಯಾಚ್ ನಂಬರಿನ ಸ್ಟಿಕ್ಕರ್ ಅಂಟಿಸಿ ಸೀಲ್ ಹಾಕಿ ಕೊಟ್ರು. ಒಂದು ಪೈಸೆ ತಗೊಳ್ಳಲಿಲ್ಲ, ಪರದೇಶದವಳು ಅಂತ ಒಂದು ಪ್ರಶ್ನೆ ಕೇಳಲಿಲ್ಲ. ಆ ಊರಿನ ಋಣ ಅದು, ನಾನು ಮರೆಯಲ್ಲ.

ರಾತ್ರಿ ಜ್ವರ, ಮೈಕೈ ನೋವು, ಮಾರನೇ ದಿನ ಸರಿಹೋಯ್ತು. ಅಮ್ಮಂಗೆ ಫೋನ್ ಮಾಡಿ ಹೇಳ್ದೆ, ಅಮ್ಮ ಮಾರ್ಚಲ್ಲೇ ಮೊದಲ ಡೋಸ್ ಹಾಕಿಸ್ಕೊಂಡಿದ್ರು, "ನಂಗೇನೂ ಆಗ್ಲಿಲ್ವಲ್ಲೇ, ಒಂದು ಡೋಲೋ ನುಂಗಿ ಮಲಗು, ಗಂಜಿ ಕುಡಿ" ಅಂದ್ರು. ಆದ್ರೆ ಅವ್ರ ಎರಡನೇ ಡೋಸ್ ಸಿಗ್ತಾನೇ ಇರ್ಲಿಲ್ಲ. ಅಷ್ಟರಲ್ಲಿ ಮೇ 13ಕ್ಕೆ ಭಾರತದಲ್ಲಿ ಎರಡು ಡೋಸ್ ಮಧ್ಯೆ 12ರಿಂದ 16 ವಾರ ಅಂತ ಅಂತರ ಹೆಚ್ಚು ಮಾಡಿದ್ರು. ವಿಜ್ಞಾನದ ಪ್ರಕಾರ ಈ ಲಸಿಕೆಗೆ ಅಂತರ ಜಾಸ್ತಿ ಇದ್ರೆ ಒಳ್ಳೇದೇ, ಬ್ರಿಟನ್ ಮೊದಲಿಂದ್ಲೂ 12 ವಾರ ಅಂತ ಹಾಗೇ ಕೊಟ್ಟಿತ್ತು, ಅದು ಗೊತ್ತಿದ್ರೂ ಪಕ್ಕದ ಬೀದೀಲಿ ಸಾವಾಗಿದೆ ಅನ್ನೋ ಸುದ್ದಿ ಬರ್ತಿರೋವಾಗ ಮಗಳಾಗಿ ಸಮಾಧಾನ ಮಾಡ್ಕೊಳ್ಳೋದು ಹೇಗೆ ಹೇಳಿ. ಊರಿಗೆ ಹೋಗೋಣ ಅಂದ್ರೆ, ವಾಪಸ್ ಬರೋದೂ ಕಷ್ಟ ಆಗೋ ಹಾಗೆ ಏಪ್ರಿಲ್ ಕೊನೇಲೇ ಜರ್ಮನಿ ಭಾರತದಿಂದ ಬರೋರ ಮೇಲೆ ಕಟ್ಟುನಿಟ್ಟು ಹಾಕಿತ್ತು.

ಜೂನ್ ಕೊನೇಲಿ ಅಮ್ಮಂಗೆ ಎರಡನೇದು ಸಿಕ್ತು, ಹೆಲ್ತ್ ಸೆಂಟರಿನ ಆಶಾ ಕಾರ್ಯಕರ್ತೆ ಮನೆಗೇ ಬಂದು ಇವತ್ತು ಸ್ಟಾಕ್ ಬಂದಿದೆ ಬನ್ನಿ ಅಂತ ಕರ್ಕೊಂಡು ಹೋದ್ರಂತೆ. ಜುಲೈ ಶುರುವಲ್ಲಿ ಜರ್ಮನಿಯ ಸಮಿತಿ, ಮೊದಲು ಆಸ್ಟ್ರಾ ತಗೊಂಡೋರು ಎರಡನೇದು ಬಯೋನ್ಟೆಕ್, ಮಾಡರ್ನಾ ತರದ ಎಂಆರ್‌ಎನ್‌ಎ ತಗೊಳ್ಳಿ ಅಂತು, ಆಗಿನ ಜರ್ಮನಿ ಚಾನ್ಸೆಲರ್ ಮರ್ಕೆಲ್ ಅವ್ರೂ ಆಸ್ಟ್ರಾ ಆದ್ಮೇಲೆ ಮಾಡರ್ನಾನೇ ತಗೊಂಡಿದ್ರು. ನಂಗೆ ಬಯೋನ್ಟೆಕ್ ಹಾಕಿದ್ರು. ಅಮ್ಮಂಗೆ ಹೇಳ್ದಾಗ ಎರಡು ಬೇರೆ ಬೇರೆ ಹಾಕ್ಬಹುದಾ ಅಂತ ಗಾಬರಿಯಾದ್ರು, ಪೂರ್ತಿ ವಿವರಿಸೋಕೆ ಅರ್ಧ ಗಂಟೆ ಬೇಕಾಯ್ತು.