ಹಿಮ ಬಿದ್ದ ಶನಿವಾರ, ಅಮ್ಮನ ಜೊತೆ ಲೆ ಮಿಸರಾಬ್ಲ್

ಶುಕ್ರವಾರ ರಾತ್ರಿಯೇ ಹವಾಮಾನ ಇಲಾಖೆಯವರು ಅಂಬರ್ ಎಚ್ಚರಿಕೆ ಕೊಟ್ಟಿದ್ದರು. ಇಂಗ್ಲೆಂಡಿನಲ್ಲಿ ಹಳದಿ, ಅಂಬರ್, ಕೆಂಪು ಅಂತ ಮೂರು ಹಂತ. ಹಳದಿ ಬಂದರೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಬರ್ ಅಂದರೆ ರೈಲು ನಂಬಿಕೊಂಡು ಹೊರಡುವ ಹಾಗಿಲ್ಲ. ನಮಗೋ ಲಂಡನ್ನಿನಲ್ಲಿ ಲೆ ಮಿಸರಾಬ್ಲ್ ಅನ್ನುವ ಸಂಗೀತ ನಾಟಕಕ್ಕೆ, ಶನಿವಾರ ಮಧ್ಯಾಹ್ನ ಎರಡೂವರೆಯ ಆಟಕ್ಕೆ ಟಿಕೆಟ್. ಅಮ್ಮ ಊರಿಗೆ ವಾಪಸ್ ಹೊರಡುವುದು ಮಂಗಳವಾರ. ಬೇರೆ ದಿನಕ್ಕೆ ಬದಲಿಸೋಣ ಅಂದರೆ ಬೇರೆ ದಿನವೇ ಇಲ್ಲ.

ಇಲ್ಲಿ ಒಂದು ಪದ್ಧತಿ ಇದೆ. ಥಿಯೇಟರಿನವರೇ ಆಟ ರದ್ದು ಮಾಡಿದರೆ ದುಡ್ಡು ವಾಪಸ್. ಆಟ ನಡೆದು, ನಮಗೆ ಬರಲು ಆಗದಿದ್ದರೆ ಸಾಮಾನ್ಯವಾಗಿ ಇಲ್ಲ, ಹೆಚ್ಚೆಂದರೆ ಬೇರೆ ದಿನದ ಟಿಕೆಟ್ ಕೊಡುತ್ತಾರೆ. ಹಾಗಾಗಿ ಬೆಳಿಗ್ಗೆ ಎದ್ದು ನಾನು ಮೊದಲು ನೋಡಿದ್ದು ರೈಲಿನ ಆಪ್ ಅಲ್ಲ, ಥಿಯೇಟರಿನ ಪುಟ. ಮಧ್ಯಾಹ್ನದ್ದು, ರಾತ್ರಿಯದ್ದು ಎರಡೂ ಆಟ ನಡೆಯುತ್ತವೆ, ಬೇಗ ಹೊರಡಿ ಅಂತ ಹಾಕಿದ್ದರು. ಕಿಟಕಿಯ ಆಚೆ ಕಾರು ಯಾವುದು, ಬೇಲಿ ಯಾವುದು ಗೊತ್ತಾಗುತ್ತಿರಲಿಲ್ಲ. ಅಮ್ಮ ಅಷ್ಟರಲ್ಲಿ ಎರಡು ಸ್ವೆಟರ್ ಹಾಕಿಕೊಂಡು, ಸೀರೆಯ ಕೆಳಗೆ ನನ್ನ ಬೂಟು ಹಾಕಿಕೊಂಡು ರೆಡಿ. "ಅವರು ಆಟ ಆಡ್ತೀವಿ ಅಂದಮೇಲೆ ನಾವು ಹೋಗದೆ ಇರೋದು ಹೆಂಗೆ ಕಣೇ" ಅಂದರು. ಮಗಳನ್ನು ನೋಡಿಕೊಳ್ಳಲು ನನ್ನ ಗಂಡ ಮನೆಯಲ್ಲೇ ಉಳಿದರು. ನಾವಿಬ್ಬರೂ ಹೊರಟೆವು.

ನಮ್ಮ ಊರು ವೋಕಿಂಗ್. ಲಂಡನ್ನಿನ ವಾಟರ್ಲೂ ಸ್ಟೇಷನ್ನಿಗೆ ಬೇಗದ ರೈಲು ಸಿಕ್ಕರೆ ಅರ್ಧ ಗಂಟೆಯೂ ಬೇಡ. ಅವತ್ತು ಬೋರ್ಡಿನಲ್ಲಿ ಮುಕ್ಕಾಲು ಪಾಲು ರೈಲುಗಳ ಮುಂದೆ ರದ್ದು ಅಂತ ಇತ್ತು. ಪ್ಲಾಟ್‌ಫಾರ್ಮಿನಲ್ಲಿ ಉಪ್ಪು ಚೆಲ್ಲಿದ್ದರು, ಕಾಲಿಟ್ಟರೆ ಕರಕರ ಸದ್ದು. ಬಂದ ಒಂದೇ ರೈಲಿಗೆ ಎಲ್ಲರೂ ಹತ್ತಿದೆವು. ಯಾರೋ ಒಬ್ಬ ಹುಡುಗ ಎದ್ದು ಅಮ್ಮನಿಗೆ ಜಾಗ ಕೊಟ್ಟ.

ಇಷ್ಟು ಹಿಮಕ್ಕೇ ಈ ದೇಶದ ರೈಲು ನಿಲ್ಲುತ್ತಲ್ಲ, ನಾರ್ವೆ, ಸ್ವಿಟ್ಜರ್ಲೆಂಡ್‌ನಲ್ಲಿ ನಿಲ್ಲುವುದಿಲ್ಲವಲ್ಲ ಅಂತ ಎಲ್ಲರೂ ಬೈಯುತ್ತಾರೆ. ಅದಕ್ಕೆ ಸರಿಯಾದ ಕಾರಣ ಇದೆ. ಥೇಮ್ಸ್ ನದಿಯ ದಕ್ಷಿಣಕ್ಕೆ ಓಡುವ ಹೆಚ್ಚಿನ ರೈಲುಗಳಿಗೆ ತಲೆಯ ಮೇಲಿನ ತಂತಿಯಿಂದ ಕರೆಂಟ್ ಬರುವುದಿಲ್ಲ. ಎರಡು ಹಳಿಗಳ ಪಕ್ಕದಲ್ಲಿ ನೆಲಮಟ್ಟದಲ್ಲೇ ಮೂರನೇ ಹಳಿ ಒಂದು ಇರುತ್ತದೆ, ಅದರಲ್ಲಿ 750 ವೋಲ್ಟ್. ರೈಲಿನ ಅಡಿಯಿಂದ ಚಾಚಿಕೊಂಡಿರುವ ಲೋಹದ ತುಂಡು ಆ ಹಳಿಯ ಮೇಲೆ ಉಜ್ಜಿಕೊಂಡು ಹೋಗುತ್ತಾ ಕರೆಂಟ್ ಎಳೆದುಕೊಳ್ಳಬೇಕು. ಹಳಿಯ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿದರೂ ಸಾಕು, ನಡುವೆ ಒಂದು ಪದರ ಅಡ್ಡ ಬಂದ ಹಾಗೆ, ಕರೆಂಟ್ ದಾಟುವುದಿಲ್ಲ. ರಾತ್ರಿಯೆಲ್ಲ ಮಂಜು ಕಟ್ಟದ ಹಾಗೆ ದ್ರವ ಸವರಿಕೊಂಡು ಹೋಗುವ ಗಾಡಿಗಳನ್ನು ಓಡಿಸುತ್ತಾರೆ, ಕೆಲವು ಕಡೆ ಹಳಿಗೇ ಹೀಟರ್ ಹಾಕಿದ್ದಾರೆ. ಆದರೂ ಹಿಮ ಬೀಳುತ್ತಲೇ ಇದ್ದರೆ ಏನು ಮಾಡುವುದು?

ಕ್ಲ್ಯಾಪಮ್ ಜಂಕ್ಷನ್ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ನಮ್ಮ ರೈಲೂ ನಿಂತಿತು. ಡ್ರೈವರ್ ಮೈಕಿನಲ್ಲಿ, ಮುಂದೆ ಒಂದು ರೈಲಿಗೆ ಕರೆಂಟ್ ಸಿಗುತ್ತಿಲ್ಲ, ದಯವಿಟ್ಟು ಯಾರೂ ಬಾಗಿಲು ತೆಗೆಯಬೇಡಿ ಅಂತ ಮತ್ತೆ ಮತ್ತೆ ಹೇಳಿದರು. ಆ ಮಾತು ಸುಮ್ನೆ ಅಲ್ಲ. 2018ರ ಮಾರ್ಚ್ 2ರಂದು ಲಂಡನ್ನಿನ ಲೂಯಿಶಮ್ ಹತ್ತಿರ ರೈಲುಗಳು ಗಂಟೆಗಟ್ಟಲೆ ನಿಂತಾಗ ಕೆಲವರು ತಡೆಯಲಾರದೆ ಬಾಗಿಲು ತೆಗೆದು ಹಳಿಗೆ ಇಳಿದುಬಿಟ್ಟರು. ಪಕ್ಕದಲ್ಲೇ ಆ ಮೂರನೇ ಹಳಿ. ಇಡೀ ಜಾಗದ ಕರೆಂಟ್ ತೆಗೆಯಬೇಕಾಯಿತು, ಇಳಿಯದೆ ಕೂತವರೂ ಅಲ್ಲೇ ಸಿಕ್ಕಿಕೊಂಡರು. ಇದನ್ನು ಓದಿದ್ದ ನನಗೆ ಹೊಟ್ಟೆಯಲ್ಲಿ ಸಂಕಟ. ಅಮ್ಮನಿಗೆ ಏನೂ ಹೇಳಲಿಲ್ಲ. ಅವರು ಕಿಟಕಿಗೆ ಮೂಗು ಒತ್ತಿ ಯಾರದೋ ಹಿತ್ತಿಲಲ್ಲಿ ಮಕ್ಕಳು ಹಿಮ ಉರುಳಿಸುವುದನ್ನು ನೋಡುತ್ತಿದ್ದರು.

ವಾಟರ್ಲೂ ತಲುಪಿದಾಗ ಎರಡಕ್ಕೆ ಹತ್ತು ನಿಮಿಷ. ಅಲ್ಲಿಂದ ಟ್ಯೂಬ್, ಅಂದರೆ ಲಂಡನ್ನಿನ ಮೆಟ್ರೋ. ಅದರ ಬೇಕರ್ಲೂ ಲೈನಿನಲ್ಲಿ ಮೂರೇ ಸ್ಟಾಪು, ಪಿಕಡಿಲಿ ಸರ್ಕಸ್. ಊರ ಮಧ್ಯದಲ್ಲಿ ಟ್ಯೂಬ್ ಸುರಂಗದೊಳಗೆ ಓಡುವುದರಿಂದ ಹಿಮ ಅದಕ್ಕೆ ತಟ್ಟುವುದಿಲ್ಲ. ಆದರೆ ಟ್ಯೂಬಿನ ಅರ್ಧಕ್ಕಿಂತ ಜಾಸ್ತಿ ಹಳಿ ಇರುವುದು ನೆಲದ ಮೇಲೆಯೇ, ಊರ ಹೊರಗೆ. ಅಲ್ಲಿ ಕೆಟ್ಟರೆ ಇಲ್ಲಿಯೂ ರೈಲು ಕಡಿಮೆ. ಅವತ್ತು ಪುಣ್ಯಕ್ಕೆ ಬೇಗ ಬಂತು.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಶಾಫ್ಟ್ಸ್‌ಬರಿ ಅವೆನ್ಯೂ ಖಾಲಿ ಖಾಲಿ. ಶನಿವಾರ ಮಧ್ಯಾಹ್ನ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯುವ ಜಾಗ ಅದು. ಕೆಂಪು ಬಸ್ಸುಗಳು ಆಮೆಯ ಹಾಗೆ ಹೋಗುತ್ತಿದ್ದವು. ಹೋಗುತ್ತಿದ್ದವಲ್ಲ, ಅದೇ ದೊಡ್ಡದು. 2009ರ ಫೆಬ್ರವರಿ 2ರಂದು ಹಿಮಕ್ಕೆ ಲಂಡನ್ನಿನ ಬಸ್ಸುಗಳನ್ನೆಲ್ಲ ನಿಲ್ಲಿಸಿಬಿಟ್ಟಿದ್ದರು.

ಈ ಥಿಯೇಟರಿಗೆ ಈಗ ಸಾಂಡ್‌ಹೈಮ್ ಅಂತ ಹೆಸರು. 1907ರಲ್ಲಿ ಕ್ವೀನ್ಸ್ ಥಿಯೇಟರ್ ಆಗಿ ಶುರುವಾಗಿದ್ದು, 1940ರಲ್ಲಿ ಜರ್ಮನ್ ಬಾಂಬು ಬಿದ್ದು ಮುಂಭಾಗ ಹಾರಿಹೋಗಿ 1959ರವರೆಗೆ ಮುಚ್ಚಿತ್ತು. ಲೆ ಮಿಸರಾಬ್ಲ್ ಇಲ್ಲಿಗೆ ಬಂದದ್ದು 2004ರಲ್ಲಿ. ನಾಟಕ ಅದಕ್ಕಿಂತ ಹಳೆಯದು. 1985ರ ಅಕ್ಟೋಬರಿನಲ್ಲಿ ಬಾರ್ಬಿಕನ್‌ನಲ್ಲಿ ಇಂಗ್ಲಿಷಿನ ಮೊದಲ ಆಟ ಆದಾಗ ವಿಮರ್ಶಕರು ಸಿಕ್ಕಾಪಟ್ಟೆ ಬೈದರಂತೆ. ಜನ ಕೇಳಲಿಲ್ಲ, ಟಿಕೆಟ್ಟಿಗೆ ಮುಗಿಬಿದ್ದರು. ಜನರ ಕಿವಿಯನ್ನು ನಂಬಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಒಳಗೆ ಹೋದ ಕೂಡಲೇ ಒಂದು ಬೋರ್ಡು. ಇವತ್ತಿನ ಆಟದಲ್ಲಿ ಈ ಪಾತ್ರವನ್ನು ದಿನದವರ ಬದಲು ಇವರು ಮಾಡುತ್ತಾರೆ ಅಂತ ಪಟ್ಟಿ. ಉದ್ದಕ್ಕೆ ಇತ್ತು. ಮೇಲೆಯೇ ಇದ್ದದ್ದು ನಾಯಕ ಜೀನ್ ವಾಲ್ಜೀನ್ ಪಾತ್ರ. ನನ್ನ ಪಕ್ಕ ನಿಂತಿದ್ದವರು "ಅಯ್ಯೋ" ಅಂದರು. ಅವರ ನಿರಾಸೆ ಅರ್ಥವಾಗುತ್ತದೆ. ಆದರೆ ನನಗೆ ಆ ಪಟ್ಟಿ ನೋಡಿ ಮೈ ಜುಮ್ಮೆಂದಿತು. ಯಾಕೆ ಅಂತ ಹೇಳುತ್ತೇನೆ.

ವೆಸ್ಟ್ ಎಂಡ್ ಅಂದರೆ ಲಂಡನ್ನಿನ ಥಿಯೇಟರುಗಳ ಬಡಾವಣೆ. ಅಲ್ಲಿನ ನಾಟಕದಲ್ಲಿ ದೊಡ್ಡ ಪಾತ್ರಗಳಿಗೆಲ್ಲ ಅಂಡರ್‌ಸ್ಟಡಿ ಅಂತ ಇರುತ್ತಾರೆ. ದಿನವೂ ಗುಂಪಿನಲ್ಲಿ ಕೈದಿಯಾಗಿಯೋ, ಪೊಲೀಸಾಗಿಯೋ, ಕಾಲೇಜು ಹುಡುಗನಾಗಿಯೋ ನಿಲ್ಲುವವರೇ ನಾಯಕನ ಪಾತ್ರವನ್ನೂ ಪೂರ್ತಿ ಕಲಿತಿರುತ್ತಾರೆ. ಸರಿ, ಅವರು ನಾಯಕನಾದರೆ ಗುಂಪಿನಲ್ಲಿ ಅವರ ಜಾಗ ಖಾಲಿ ಆಯಿತಲ್ಲ. ಅಲ್ಲಿಗೆ ಬರುವವರು ಸ್ವಿಂಗ್‌ಗಳು. ಇವರಿಗೆ ದಿನದ ಪಾತ್ರ ಅಂತ ಯಾವುದೂ ಇಲ್ಲ. ಹಲವರ ಪಾತ್ರ ಇವರ ತಲೆಯಲ್ಲಿರಬೇಕು. ಹಾಡಿನ ಯಾವ ಸ್ವರ ಯಾರದು, ಯಾವ ಸಾಲಿಗೆ ಯಾವ ಕಡೆಯಿಂದ ಬರಬೇಕು, ಬಂಡಾಯದವರು ಬೀದಿಗೆ ಅಡ್ಡ ಕಟ್ಟುವ ಬ್ಯಾರಿಕೇಡಿನ ಮೇಲೆ ಯಾವ ಮೆಟ್ಟಿಲಿಗೆ ಕಾಲಿಡಬೇಕು, ಎಲ್ಲವೂ. ಆಟ ಶುರುವಾಗುವ ಸ್ವಲ್ಪ ಮೊದಲು ಬಂದು ನೀನು ಇವತ್ತು ಇವರು ಅಂದರೆ ಆ ವೇಷ ಹಾಕಿಕೊಂಡು ಹೊರಟುಬಿಡುತ್ತಾರೆ. ಕೆಳಗೆ ಪಿಟ್‌ನಲ್ಲಿ ವಾದ್ಯ ನುಡಿಸುವವರದ್ದೂ ಹಾಗೆಯೇ, ತಮ್ಮ ಬದಲಿಗೆ ಬಂದು ಅದೇ ಸ್ವರ ನುಡಿಸಬಲ್ಲವರನ್ನು ಇಟ್ಟುಕೊಂಡಿರುತ್ತಾರೆ. ಮಕ್ಕಳ ಪಾತ್ರಗಳಿಗಂತೂ ಬೇರೆ ಬೇರೆ ಮಕ್ಕಳು ಪಾಳಿಯ ಮೇಲೆ ಬರುತ್ತಾರೆ.

ಹಿಮದ ದಿನ ಇವರೂ ನಮ್ಮ ಹಾಗೇ ಅದೇ ನಿಂತ ರೈಲು, ಅದೇ ಜಾರುವ ಫುಟ್‌ಪಾತ್ ದಾಟಿಕೊಂಡು ಬಂದವರು. ನಾವು ಬರದಿದ್ದರೆ ಒಂದು ಕುರ್ಚಿ ಖಾಲಿ, ಅಷ್ಟೇ. ಬೆಳಕು ನೋಡಿಕೊಳ್ಳುವವರು ಬರದಿದ್ದರೆ? ವೇಷದ ಗುಂಡಿ ಹಾಕುವವರು? ಆಟವನ್ನು ನಿಜವಾಗಿ ನಡೆಸುವ ಸ್ಟೇಜ್ ಮ್ಯಾನೇಜರ್? ಆ ಬೋರ್ಡು ನೋಡಿದರೆ ನನಗೆ ಕಂಡದ್ದು ಇಷ್ಟು ಜನ ಹೇಗೋ ಬಂದು ಒಬ್ಬರ ಜಾಗದಲ್ಲಿ ಒಬ್ಬರು ನಿಂತಿದ್ದಾರೆ ಅನ್ನುವುದು. ಅಮ್ಮನಿಗೆ ವಿವರಿಸಿದೆ. ಜಾತ್ರೆಗೆ ಬರುತ್ತಿದ್ದ ಕಂಪನಿ ನಾಟಕ ನೋಡಿ ಬೆಳೆದವರು ಅವರು. "ರಾಜ ಬರದಿದ್ರೆ ಮಂತ್ರೀನೇ ಕಿರೀಟ ಹಾಕ್ಕೊಂಡು ಬರ್ತಿದ್ದ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ನಮ್ಮ ಟಿಕೆಟ್ ಇದ್ದದ್ದು ಎಲ್ಲಕ್ಕಿಂತ ಮೇಲಿನ ಅಪ್ಪರ್ ಸರ್ಕಲ್‌ನಲ್ಲಿ. ಅಲ್ಲಿ ಬೆರಳೆಣಿಕೆಯಷ್ಟು ಜನ. ಥಿಯೇಟರಿನಲ್ಲಿ ಕೆಲಸ ಮಾಡುವ ಕೆಂಪು ಕೋಟಿನ ಒಬ್ಬ ಹುಡುಗಿ ಬಂದು, ಎಲ್ಲರೂ ಕೆಳಗೆ ಸ್ಟಾಲ್ಸ್‌ಗೆ ಬನ್ನಿ, ಹತ್ತಿರ ಕೂತರೆ ಆಡುವವರಿಗೂ ಚೆನ್ನ ಅಂತ ಕರೆದುಕೊಂಡು ಹೋದರು. ಮೆಟ್ಟಿಲಿನಲ್ಲಿ ಅಮ್ಮನ ಕೈ ಹಿಡಿದುಕೊಂಡರು. ವೇದಿಕೆಗೆ ಅಷ್ಟು ಹತ್ತಿರದ ಜಾಗ ನಾನು ಯಾವತ್ತೂ ದುಡ್ಡು ಕೊಟ್ಟು ಕೊಂಡವಳಲ್ಲ.

ಹತ್ತಿರ ಕೂತಿದ್ದರಿಂದ ಒಂದು ಸಂಗತಿ ಕಂಡಿತು. ಹಿಂದೆ ತಿರುಗಿ ನೋಡಿದರೆ ಬಾಲ್ಕನಿಯ ಮುಂಭಾಗದಲ್ಲಿ ಸಣ್ಣ ಪರದೆ, ಅದರಲ್ಲಿ ಪಿಟ್‌ನಲ್ಲಿ ವಾದ್ಯದವರನ್ನು ನಡೆಸುವ ಕಂಡಕ್ಟರ್. ಆಡುವವರು ನಮ್ಮ ಕಡೆ ನೋಡಿ ಹಾಡುತ್ತಿದ್ದಾರೆ ಅನಿಸುತ್ತದೆ, ಅವರ ಕಣ್ಣಿಗೆ ನಮ್ಮ ತಲೆಯ ಮೇಲೆ ಆ ಕೈಗಳು ಕಾಣುತ್ತಿರುತ್ತವೆ. ತಡವಾಗಿ ಬರುವವರಿಗಾಗಿ ಕಾಲು ಗಂಟೆ ಕಾದರು. ಆ ಪರದೆಯಲ್ಲಿ ಕಂಡಕ್ಟರ್ ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ, ಬಾಯಿಂದ ಬಿಸಿ ಊದಿಕೊಂಡು, ಬೆರಳು ಬಿಚ್ಚಿ ಮುಚ್ಚಿ, ಆಮೇಲೆ ಕೋಲು ಎತ್ತಿದರು.

ನಾಟಕ ಶುರುವಿನಿಂದ ಕೊನೆಯವರೆಗೆ ಹಾಡೇ, ಮಾತು ಇಲ್ಲ ಅಂದರೂ ಸರಿ. ಕಥೆ 1815ರಿಂದ 1832ರವರೆಗೆ ನಡೆಯುತ್ತದೆ. ಕೊನೆಯಲ್ಲಿ ಬರುವ ಹೋರಾಟ ಎಲ್ಲರೂ ಅಂದುಕೊಳ್ಳುವ ಫ್ರೆಂಚ್ ಮಹಾಕ್ರಾಂತಿ ಅಲ್ಲ, 1832ರ ಜೂನ್‌ನಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಎದ್ದು ಎರಡೇ ದಿನಕ್ಕೆ ಸೋತ ಬಂಡಾಯ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ರೈಲು ನಿಂತಿದ್ದಾಗ ಅರ್ಧ ಕಥೆ ಹೇಳಿದ್ದೆ. ಬೆಳ್ಳಿ ಸಾಮಾನು ಕದ್ದ ವಾಲ್ಜೀನ್‌ನನ್ನು ಪೊಲೀಸರು ಎಳೆದುತಂದಾಗ ಪಾದ್ರಿ, ಇದನ್ನು ನಾನೇ ಕೊಟ್ಟದ್ದು ಅಂತ ಹೇಳಿ, ಮೇಲೆ ಎರಡು ಮೇಣದಬತ್ತಿ ಸ್ಟ್ಯಾಂಡನ್ನೂ ಅವನ ಕೈಗಿಡುತ್ತಾನಲ್ಲ, ಅಲ್ಲಿ ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಅಲ್ಲಿಂದ ಮುಂದೆ ನಾನು ಏನೂ ಹೇಳಬೇಕಾಗಲಿಲ್ಲ.

ಆ ಅಂಡರ್‌ಸ್ಟಡಿ ಬಗ್ಗೆ ಬರೆಯಲೇಬೇಕು. ಮೊದಲ ಹತ್ತು ನಿಮಿಷ ದನಿ ಸ್ವಲ್ಪ ಬಿಗಿಯಾಗಿತ್ತು. ಆಮೇಲೆ ಬಿಚ್ಚಿಕೊಂಡಿತು. ಎರಡನೇ ಭಾಗದಲ್ಲಿ ಬ್ಯಾರಿಕೇಡ್ ಹತ್ತಿರ ಎಲ್ಲರೂ ಮಲಗಿರುವಾಗ, ಈ ಹುಡುಗನನ್ನು ಬದುಕಿಸು, ಬೇಕಿದ್ದರೆ ನನ್ನನ್ನು ಕರೆದುಕೋ ಅಂತ ವಾಲ್ಜೀನ್ ದೇವರನ್ನು ಬೇಡುವ ಹಾಡು ಇದೆ. ತುಂಬ ಕಷ್ಟದ ಹಾಡು. ಸ್ವರ ಮೇಲೆ ಹೋಗಬೇಕು, ದನಿ ಮಾತ್ರ ತಗ್ಗಿರಬೇಕು. ಜೋರಾಗಿ ಹಾಡಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಕೊನೆಯ ಸ್ವರವನ್ನು ಅವರು ಎಳೆಯುತ್ತಾ ಹೋದಾಗ ಮುಂದಿನ ಸಾಲಿನಲ್ಲಿದ್ದ ದೊಡ್ಡ ಮನುಷ್ಯರೊಬ್ಬರು ಕನ್ನಡಕ ತೆಗೆದು ಮಫ್ಲರ್‌ನಿಂದ ಕಣ್ಣೊರೆಸಿಕೊಂಡರು. ಅರ್ಧ ಖಾಲಿ ಇದ್ದ ಥಿಯೇಟರಿನ ಚಪ್ಪಾಳೆ ತುಂಬಿದ ಥಿಯೇಟರಿನದಕ್ಕಿಂತ ಕಡಿಮೆ ಇರಲಿಲ್ಲ. ಕೊನೆಯಲ್ಲಿ ಎಲ್ಲರೂ ಎದ್ದು ನಿಂತೆವು. ಆಗ, ನಾಟಕದುದ್ದಕ್ಕೂ ವಾಲ್ಜೀನ್ ಬೆನ್ನು ಹತ್ತುವ ಪೊಲೀಸ್ ಜಾವರ್ಟ್‌ನ ಪಾತ್ರದವರು ಪಕ್ಕಕ್ಕೆ ಸರಿದು, ಆ ವಾಲ್ಜೀನ್‌ನನ್ನು ಬೆನ್ನು ತಟ್ಟಿ ಒಬ್ಬರನ್ನೇ ಮುಂದೆ ಕಳಿಸಿದರು.

ಹೊರಗೆ ಬಂದಾಗ ಕತ್ತಲಾಗಿತ್ತು. ನಮ್ಮ ಕಡೆಗೆ ರೈಲುಗಳನ್ನು ರಾತ್ರಿ ಬೇಗ ನಿಲ್ಲಿಸುತ್ತಾರೆ ಅಂತ ಆಪ್ ಹೇಳುತ್ತಿತ್ತು. ಏಳೂವರೆಗೆ ಅವರಿಗೆ ಇನ್ನೊಂದು ಆಟ ಇದೆ. ಅದು ಮುಗಿಯುವಾಗ ಹತ್ತು ದಾಟಿರುತ್ತದೆ. ಅವರೆಲ್ಲ ಮನೆಗೆ ಹೋಗುವುದು ಹೇಗೆ ಅಂತ ಕೆಂಪು ಕೋಟಿನ ಹುಡುಗಿಯನ್ನು ಕೇಳಿದೆ. ಹತ್ತಿರ ಇರುವವರ ಮನೆಯ ಸೋಫಾದ ಮೇಲೆ, ಇನ್ನು ಕೆಲವರು ಹೋಟೆಲ್‌ನಲ್ಲಿ, ತಾನೂ ಇವತ್ತು ಗೆಳತಿಯ ಮನೆಗೆ ಅಂದರು.

ವಾಪಸ್ ಬರುವ ರೈಲು ನಿಧಾನಕ್ಕೆ ಬಂತು. ಹಳಿಯ ಮಂಜಿಗೆ ತಾಗಿದಾಗಲೆಲ್ಲ ಕೆಳಗಿನಿಂದ ನೀಲಿ ಬೆಳಕು ಫಳ್ ಅಂತ ಹೊಳೆದು, ಆಚೆಯ ಗೋಡೆ, ಗಿಡ, ಹಿಮ ಎಲ್ಲ ಒಂದು ಕ್ಷಣ ಕಾಣುತ್ತಿತ್ತು. ಅಮ್ಮ ಪೂರ್ತಿ ಹೊತ್ತು ಜಾವರ್ಟ್ ಬಗ್ಗೆಯೇ ಮಾತಾಡಿದರು. "ಆ ಪೊಲೀಸಿನವನು ನದಿಗೆ ಹಾರಬಾರದಿತ್ತು. ವಾಲ್ಜೀನ್ ಅವನನ್ನ ಕೊಲ್ಲದೆ ಬಿಟ್ಟಮೇಲೆ ಸುಮ್ನೆ ಮನೆಗೆ ಹೋಗಿದ್ರೆ ಆಗ್ತಿತ್ತು" ಅಂತ. ಅವನಿಗೆ ಹೋಗಲು ಯಾವ ಮನೆಯೂ ಇರಲಿಲ್ಲ ಅಮ್ಮ, ಕಾನೂನೇ ಅವನ ಮನೆ ಅಂದೆ. ಒಪ್ಪಲಿಲ್ಲ. ವೋಕಿಂಗ್ ಬರುವವರೆಗೂ ಒಪ್ಪಲಿಲ್ಲ.

ತಡವಾದದ್ದಕ್ಕೆ ರೈಲಿನವರು ಟಿಕೆಟ್ ದುಡ್ಡಿನಲ್ಲಿ ಒಂದು ಪಾಲು ವಾಪಸ್ ಕೊಡಬೇಕು, ಭಾನುವಾರ ಆ ಫಾರ್ಮ್ ತುಂಬಿದೆ. ಆಮೇಲೆ ಥಿಯೇಟರಿಗೆ ಒಂದು ಮೇಲ್ ಬರೆದೆ. ಬೋರ್ಡಿನಲ್ಲಿದ್ದ ಅಷ್ಟೂ ಹೆಸರುಗಳನ್ನು ಫೋಟೋ ನೋಡಿಕೊಂಡು ಒಂದೊಂದಾಗಿ ಟೈಪ್ ಮಾಡಿ, ನಿಮ್ಮೆಲ್ಲರಿಗೂ ಥ್ಯಾಂಕ್ಸ್ ಅಂದೆ, ಜಾವರ್ಟ್ ಬಗ್ಗೆ ಅಮ್ಮನ ತಕರಾರನ್ನೂ ಸೇರಿಸಿದೆ. ಸೋಮವಾರ ಸಂಜೆ ಉತ್ತರ ಬಂತು, ಮೇಲನ್ನು ಪ್ರಿಂಟ್ ಮಾಡಿ ವೇದಿಕೆಯ ಹಿಂದಿನ ನೋಟಿಸ್ ಬೋರ್ಡಿಗೆ ಹಾಕಿದ್ದಾರಂತೆ. ಸೂಟ್‌ಕೇಸ್ ತುಂಬುತ್ತಿದ್ದ ಅಮ್ಮನಿಗೆ ಓದಿ ಹೇಳಿದೆ. "ಆ ಪೊಲೀಸಿನವನು ಓದಿದನಾ ಕೇಳು" ಅಂದರು.